ಅಪ್ಪನ ಕೋವಿ ಬಂದಡ್ಕಕ್ಕೆ ಹೋಗಬಹುದೇ? (ರುಂಡಾದಿಂದ – ಕಂತು 23)

ಎರಡು ತಿಂಗಳಿಂದ ಬರೆಯಲಿಲ್ಲ ಎಂದು ಸಂಪಾಜೆಯ ಅಕ್ಕಂದಿರು ಫೋನ್ ಮಾಡಿ ಬೈದದ್ದಾಯಿತು. ಕಾರಣ ಡ್ಯೂಟಿ ಮಾತ್ರ ಅಲ್ಲ, ಅಪ್ಪನ ಕೋವಿ. ಅದರ ಕಾಗದಪತ್ರದಲ್ಲೇ ದಿನ ಹೋಯಿತು. ಅದಕ್ಕೇ ಈ ಕಂತು ಕೋವಿಯದು. ಉದ್ದ ಇದೆ, ರಾತ್ರಿ ಊಟ ಆದ ಮೇಲೆ ಓದಿ.

ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ನಾನು ರುಂಡಾದ ಗೇಟಿಗೆ ಬರುವಾಗ ಅಸ್ಕಾರಿ ಬಾಗಿಲು ತೆಗೆದು "ಹಬಾರಿ, ಸಿಸ್ಟರ್" ಅನ್ನುತ್ತಾನೆ. ಅಸ್ಕಾರಿ ಎಂದರೆ ಇಲ್ಲಿಯ ಕಾವಲುಗಾರ. ರಾಯಭಾರಿಗಳು, ವಿಶ್ವಸಂಸ್ಥೆಯವರು ಇರುವ ಬಡಾವಣೆ ಇದು. ಒಂದೊಂದು ಬಂಗಲೆಯ ಗೋಡೆ ನಮ್ಮ ಶಾಲೆಯ ಮಾಡಿನಷ್ಟು ಎತ್ತರ. ಆದರೆ ಅಸ್ಕಾರಿಯ ಕೈಯಲ್ಲಿ ಇರುವುದು ರುಂಗು, ಅಂದರೆ ತುದಿ ಗುಂಡಗಿರುವ ಮರದ ದೊಣ್ಣೆ. ಕೀನ್ಯಾದಲ್ಲಿ ಖಾಸಗಿ ಸೆಕ್ಯುರಿಟಿಯವರು ಕೋವಿ ಹಿಡಿಯುವ ಹಾಗಿಲ್ಲ. ಕೋವಿ ಏನಿದ್ದರೂ ಪೊಲೀಸರ ಹತ್ತಿರ.

ಒಂದು ದಿನ ಮಾತಿಗೆ ಮಾತು ಬಂದು ನಾನು ಹೇಳಿದೆ, ನಮ್ಮೂರಲ್ಲಿ ಗೇಟೂ ಇಲ್ಲ, ಕಾವಲುಗಾರನೂ ಇಲ್ಲ, ಆದರೆ ಸುಮಾರು ಮನೆಗಳಲ್ಲಿ ಕೋವಿ ಇದೆ, ಅದಕ್ಕೆ ಲೈಸೆನ್ಸೂ ಬೇಡ ಎಂದು. ಅವನು ನಂಬಲಿಲ್ಲ. ಆಮೇಲೆ ಒಂದು ಪ್ರಶ್ನೆ ಕೇಳಿದ: "ನಿಮ್ಮ ಸರ್ಕಾರಕ್ಕೆ ನಿಮ್ಮ ಹೆದರಿಕೆ ಇಲ್ಲವೇ?"

ನಾನು ನಕ್ಕು ಒಳಗೆ ಬಂದೆ. ಆದರೆ ಆ ಪ್ರಶ್ನೆ ಕಳೆದ ವರ್ಷ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡಾಗ ಮತ್ತೆ ಎದುರಿಗೆ ಬಂದು ನಿಂತಿತು.

ನಿಮ್ಮಲ್ಲಿ ಹೆಚ್ಚಿನವರು ಅಂದು ನಮ್ಮ ಅಂಗಳದಲ್ಲಿ ಇದ್ದಿರಿ. ನಾನು ಇರಲಿಲ್ಲ. ಮಳೆ, ವಿಮಾನ, ರಜೆ, ಯಾವುದೂ ಕೂಡಿ ಬರಲಿಲ್ಲ. ಸಾವಿಗೆ ಹಾರಿಸುವ ಎರಡು ಈಡನ್ನು ನಾನು ಕೇಳಿದ್ದು ಇಲ್ಲಿ, ಆಸ್ಪತ್ರೆಯ ಲಿನನ್ ಕೋಣೆಯಲ್ಲಿ ನಿಂತುಕೊಂಡು, ವಾಟ್ಸಾಪ್ ವಿಡಿಯೋದಲ್ಲಿ. ಮೊದಲ ಈಡಿನ ಸದ್ದು ಬಂತು. ಎರಡನೆಯದಕ್ಕೆ ನೆಟ್‌ವರ್ಕ್ ಹೋಯಿತು. ಅಪ್ಪನಿಗೆ ಹಾರಿಸಿದ್ದು ಅಪ್ಪನದೇ ಕೋವಿ. ಒಂಟಿ ನಳಿಗೆಯ, ಹನ್ನೆರಡು ಬೋರಿನ ತೋಟಾ ಕೋವಿ. ಅಜ್ಜ ಯಾಲಕ್ಕಿ ಮಾರಿದ ದುಡ್ಡಿನಲ್ಲಿ 1950ರ ದಶಕದಲ್ಲಿ ತೆಗೆದುಕೊಂಡದ್ದು.

ಉತ್ತರಕ್ರಿಯೆ ಮುಗಿದ ಮೇಲೆ ಅವ್ವ ಕೇಳಿದಳು, "ಇನ್ನು ಇದನ್ನು ಯಾರು ನೋಡಿಕೊಳ್ಳುವುದು?" (ಅವ್ವ ಹೇಳಿದ್ದು ಅರೆಭಾಷೆಯಲ್ಲಿ. ನರ್ಸಿಂಗ್ ಕಾಲೇಜಿನ ಗೆಳತಿಯರೂ ಓದುವುದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ನಾನು ಒಬ್ಬಳೇ ಮಗಳು, ಇರುವುದು ನೈರೋಬಿಯಲ್ಲಿ. ಅವ್ವನಿಗೆ ಕೋವಿ ಎತ್ತುವ ಶಕ್ತಿ ಇಲ್ಲ. ಉಳಿದದ್ದು ಬಂದಡ್ಕದ ಭಾವ, ಅಂದರೆ ಅತ್ತೆಯ ಮಗ. ಅಡಿಕೆ ತೋಟ, ಮರಗೆಣಸು, ಕಾಡುಹಂದಿ, ಎಲ್ಲವೂ ಇರುವ ಮನುಷ್ಯ. ಅಪ್ಪನ ಜೊತೆ ಕಾಡು ಸುತ್ತಿದವನು. ಅವನಿಗೆ ಕೊಟ್ಟುಬಿಡೋಣ ಎಂದು ಅವ್ವ ಹೇಳಿದಳು. ಎಲ್ಲರೂ ಹೂಂ ಎಂದರು.

ಆದರೆ ಭಾವ ಇರುವುದು ಕೇರಳದಲ್ಲಿ.

"ಅದಕ್ಕೇನು, ನಮ್ಮ ಕೋವಿಗೆ ಲೈಸೆನ್ಸ್ ಬೇಡವಲ್ಲ, ಜೀಪಿನಲ್ಲಿ ಹಾಕಿಕೊಂಡು ಹೋದರೆ ಆಯಿತು" ಎಂದು ಹೇಳಿದವರು ನಮ್ಮ ಮನೆಯವರಲ್ಲೇ ಮೂವರು. ಹೆಸರು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ. ಹಣ ಕೊಟ್ಟರೆ ವಾರದಲ್ಲಿ ಮಾಡಿಸಿಕೊಡುತ್ತೇನೆ ಎಂದ ಏಜೆಂಟನೂ ಒಬ್ಬ ಬಂದಿದ್ದ. ಗುಂಡೇಟು ಬಿದ್ದವರ ಡ್ರೆಸ್ಸಿಂಗ್ ಮಾಡಿದ ಕೈ ನನ್ನದು. ಕೋವಿಯ ವಿಷಯದಲ್ಲಿ "ಆಯಿತು ಬಿಡು" ಅನ್ನುವುದು ನನ್ನಿಂದ ಆಗುವುದಿಲ್ಲ. ಕೂತು ಓದಿದೆ. ಓದುತ್ತಾ ಹೋದಂತೆ ಗೊತ್ತಾಯಿತು, ನಾವು ಸಣ್ಣಂದಿನಿಂದ ಹೇಳಿಕೊಂಡು ಬಂದ ಮಾತೇ ತಪ್ಪು. ನಮ್ಮ ಕೋವಿಗೆ ವಿನಾಯಿತಿ ಇಲ್ಲ. ವಿನಾಯಿತಿ ಇದ್ದದ್ದು ಅಪ್ಪನಿಗೆ.

ಇದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಕೊಡಗಿನ ಅರಸರ ಕಾಲದಲ್ಲಿ ಜಮ್ಮಾ ಎಂಬ ಹಿಡುವಳಿ ಇತ್ತು. ಜಮ್ಮಾ ಅಂದರೆ ಜನ್ಮದಿಂದ ಬಂದದ್ದು. ಕಂದಾಯ ಸಾಗು ಜಮೀನಿನ ಅರ್ಧದಷ್ಟು. ಅದಕ್ಕೆ ಬದಲಾಗಿ ಅರಸ ಕರೆದಾಗ ಕತ್ತಿ ಕೋವಿ ಹಿಡಿದು ಹೋಗಬೇಕು. ಜಮೀನು ಮಾರುವ ಹಾಗಿಲ್ಲ, ಕುಟುಂಬದಲ್ಲೇ ಉಳಿಯಬೇಕು. ಈ ಹಿಡುವಳಿ ಕೊಡವರಿಗೆ ಮಾತ್ರ ಇದ್ದದ್ದಲ್ಲ, ನಮ್ಮ ಗೌಡರ ಕುಟುಂಬಗಳಿಗೂ ಇತರ ಕೆಲವರಿಗೂ ಇತ್ತು. ಅಂದರೆ ಆಗ ಕೋವಿ ಹಕ್ಕಾಗಿರಲಿಲ್ಲ, ಅದೊಂದು ಋಣ. ಅರ್ಧ ಕಂದಾಯಕ್ಕೆ ಬದಲಾಗಿ ಪೂರ್ತಿ ಜೀವ.

1834ರಲ್ಲಿ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಆಗ ಅವರು ಮಾಡಿದ ಒಂದು ಕೆಲಸ ನಮ್ಮ ಮನೆಗಳನ್ನು ಇವತ್ತಿಗೂ ಬಿಟ್ಟಿಲ್ಲ. ಅರಸರ ಕೈಯಲ್ಲಿದ್ದ ಘಟ್ಟದ ಕೆಳಗಿನ ಸೀಮೆಯನ್ನು, ಅಮರ ಸುಳ್ಯ ಮತ್ತು ಪುತ್ತೂರಿನ ಕಡೆಯನ್ನು, ಕೊಡಗಿನಿಂದ ಕತ್ತರಿಸಿ ಮದ್ರಾಸಿನ ಆಡಳಿತದ ಕೆನರಾ ಜಿಲ್ಲೆಗೆ ಸೇರಿಸಿದರು. ಒಂದೇ ಭಾಷೆ, ಒಂದೇ ಬಳಿ, ಒಂದೇ ನೆಂಟಸ್ತಿಕೆಯ ಜನರ ನಡುವೆ ಗೆರೆ ಬಿತ್ತು. ಸಂಪಾಜೆ ಎಂಬ ಹೆಸರಿನ ಊರು ಇಂದಿಗೂ ಗಡಿಯ ಎರಡೂ ಕಡೆ ಇದೆಯಲ್ಲ, ಕೊಡಗು ಸಂಪಾಜೆ ಮತ್ತು ದಕ್ಷಿಣ ಕನ್ನಡ ಸಂಪಾಜೆ. ಬಸ್ಸಿನಲ್ಲಿ ಹೋಗುವವರಿಗೆ ಅದೊಂದು ತಮಾಷೆ. ಕೋವಿ ಇರುವವನಿಗೆ ತಮಾಷೆಯಲ್ಲ.

ಮೂರೇ ವರ್ಷಕ್ಕೆ ಜನ ಎದ್ದರು. ಕಂದಾಯವನ್ನು ಬೆಳೆಯ ಬದಲು ನಾಣ್ಯದಲ್ಲೇ ಕೊಡಬೇಕೆಂಬ ಕಟ್ಟಳೆ ಎಲ್ಲರನ್ನೂ ಸಾಲಗಾರರನ್ನಾಗಿ ಮಾಡಿತ್ತು. 1837ರ ಏಪ್ರಿಲ್‌ನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವದಲ್ಲಿ, ಸುಳ್ಯದ ಕಡೆಯಿಂದ ಹೊರಟ ಜನ ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅದು ಹದಿಮೂರು ದಿನ ಹಾರಿತು ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆಮೇಲೆ ನಡೆದದ್ದು ಸೆರೆ, ಗಡೀಪಾರು, ಗಲ್ಲು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದೇ ದಂಗೆಯನ್ನು ಅಡಗಿಸಲು ಕಂಪನಿಯ ಪರ ನಿಂತವರೂ ನಮ್ಮ ಕೊಡಗಿನವರೇ. ದಿವಾನ್ ಅಪ್ಪಾರಂಡ ಬೋಪು ಅವರೊಂದಿಗೆ ಹೋದವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಹೊಡೆಸಿ ಕೊಟ್ಟಿತು. ಪದಕದ ಮೇಲೆ ಒಬ್ಬ ಕೊಡಗಿನ ಯೋಧನ ಚಿತ್ರ, ಬರಹ ಕನ್ನಡದಲ್ಲಿ. ಇದನ್ನು ಜಗಳಕ್ಕೆಂದು ಬರೆಯುತ್ತಿಲ್ಲ. ಮಡಿಕೇರಿ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ಬುತ್ತಿ ಹಂಚಿಕೊಂಡ ಕೊಡವ ಗೆಳತಿಯರು ಇದನ್ನು ಓದುತ್ತಾರೆ, ಅವರ ಅಜ್ಜಂದಿರಿಗೂ ಅವರದೇ ಕಾರಣಗಳಿದ್ದವು. ಆದರೆ ಕೋವಿಯ ಕಥೆ ಇಲ್ಲಿಂದಲೇ ಹೊರಡುತ್ತದೆ, ಬಿಟ್ಟು ಹೇಳಲು ಆಗುವುದಿಲ್ಲ.

1857ರ ದಂಗೆಯ ನಂತರ ಬ್ರಿಟಿಷರಿಗೆ ಹಿಂದೂಸ್ತಾನದ ಪ್ರತಿ ಮನೆಯ ಕೋವಿಯೂ ಹೆದರಿಕೆಯ ವಸ್ತುವಾಯಿತು. 1860ರಲ್ಲಿ ಆಯುಧ ಕಿತ್ತುಕೊಳ್ಳುವ ಕಾಯಿದೆ ಬಂತು. ಮರುವರ್ಷ, 1861ರ ಫೆಬ್ರವರಿಯಲ್ಲಿ, ಮೈಸೂರಿನ ಜೊತೆಗೆ ಕೊಡಗನ್ನೂ ನೋಡಿಕೊಳ್ಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದರು: ಈ ಕಾಯಿದೆ ಕೊಡಗಿನ ಜನರಿಗೆ ಅನ್ವಯಿಸುವುದಿಲ್ಲ. ಕಾರಣ, ಅವರ ನಿಷ್ಠೆ ಮತ್ತು ಶೌರ್ಯ. ಬೆಂಗಳೂರಿನ ಗೆಳತಿಯರೇ, ನೀವು ಭಾನುವಾರ ವಾಕಿಂಗ್ ಹೋಗುವ ಪಾರ್ಕಿನ ಅದೇ ಕಬ್ಬನ್. ಆ ಪ್ರಕಟಣೆಗೆ ಸಹಿ ಹಾಕಿ ಎರಡು ತಿಂಗಳೊಳಗೆ, ಊರಿಗೆ ವಾಪಸು ಹೋಗುವ ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ಆ ಒಂದು ಹಾಳೆ ಮಾತ್ರ ಇನ್ನೂ ಸತ್ತಿಲ್ಲ.

ಅಸ್ಕಾರಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡಿ. ಸರ್ಕಾರಕ್ಕೆ ಹೆದರಿಕೆ ಇತ್ತು, ಎಲ್ಲರದ್ದೂ. ಯಾರದ್ದು ಇಲ್ಲ ಎಂದು ತೀರ್ಮಾನಿಸಿತೋ ಅವರಿಗೆ ಬಿಟ್ಟಿತು.

ಇದೇ ಸಾಮ್ರಾಜ್ಯ ಇಲ್ಲಿ ಏನು ಮಾಡಿತು ಎಂಬುದನ್ನೂ ಹೇಳಬೇಕು. ನೈರೋಬಿ ಪೇಟೆಯಲ್ಲಿ ಕಿಮಾಥಿ ಸ್ಟ್ರೀಟ್ ಎಂಬ ಬೀದಿ ಇದೆ. ಅಲ್ಲಿ ಜಡೆ ಬಿಟ್ಟ ಒಬ್ಬ ಮನುಷ್ಯನ ಕಂಚಿನ ಪ್ರತಿಮೆ, ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಕತ್ತಿ. ಮೊದಲ ಸಲ ನೋಡಿದಾಗ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜೆ ಮಾಡಿದ ನಮ್ಮ ಜಗಲಿಯೇ ಕಣ್ಣಿಗೆ ಬಂತು. ಅವರು ದೆದಾನ್ ಕಿಮಾಥಿ, ಮಾವ್ ಮಾವ್ ಹೋರಾಟದ ನಾಯಕ. 1952ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಇಲ್ಲಿ ತುರ್ತು ಪರಿಸ್ಥಿತಿ ಹೇರಿದರು. ಆಮೇಲೆ ಅನುಮತಿ ಇಲ್ಲದೆ ಆಯುಧ ಇಟ್ಟುಕೊಳ್ಳುವುದನ್ನೇ ಮರಣದಂಡನೆಯ ಅಪರಾಧ ಮಾಡಿದರು. ಕಿಮಾಥಿಯನ್ನು 1956ರ ಅಕ್ಟೋಬರ್‌ನಲ್ಲಿ ಹಿಡಿದರು. ನ್ಯೆರಿ ಎಂಬ ಊರಿನಲ್ಲಿ ನವೆಂಬರ್‌ನಲ್ಲಿ ವಿಚಾರಣೆ ಆಯಿತು. ಗಲ್ಲಿನ ಆರೋಪ ಏನು ಗೊತ್ತೇ? ಕೊಲೆಯಲ್ಲ. ಒಂದು ರಿವಾಲ್ವರ್ ಇಟ್ಟುಕೊಂಡದ್ದು. 1957ರ ಫೆಬ್ರವರಿ 18ರಂದು ಗಲ್ಲಿಗೇರಿಸಿದರು. ರುಂಡಾ ಆಗ ಬಂಗಲೆಗಳ ಬಡಾವಣೆಯಲ್ಲ, ಕಾಫಿ ತೋಟ. ನಮ್ಮಲ್ಲಿ ಇದ್ದ ಹಾಗೆಯೇ ಕಾಫಿ, ನೆರಳಿನ ಮರ, ಅದೇ ದೊರೆಗಳು. ಕೋವಿ ಯಾರ ಕೈಯಲ್ಲಿ ಇರಬಹುದು ಎಂಬ ಲೆಕ್ಕ ಮಾತ್ರ ಬೇರೆ.

ಅದೇ 1956ರ ನವೆಂಬರ್ 1ರಂದು ನಮ್ಮ ಕಡೆ ಎರಡನೇ ಗೆರೆ ಬಿತ್ತು. ಅಲ್ಲಿಯವರೆಗೆ ಕೊಡಗು ಒಂದು ಪುಟ್ಟ ರಾಜ್ಯ, ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿ. ನನ್ನ ಅಜ್ಜ ಸಂಪಾಜೆಯಿಂದ ಇಳಿದು ಸುಳ್ಯ ಸಂತೆಗೆ ಹೋದರೂ "ಬೇರೆ ರಾಜ್ಯ"ಕ್ಕೇ ಹೋದಂತೆ, ಅದು ಮದ್ರಾಸ್ ರಾಜ್ಯ. ನವೆಂಬರ್ 1ರ ಬೆಳಿಗ್ಗೆ ಕೊಡಗು ಮತ್ತು ಸುಳ್ಯ ಎರಡೂ ಮೈಸೂರು ರಾಜ್ಯವಾದವು. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಸುಳ್ಯದಿಂದ ಆಲೆಟ್ಟಿ ದಾಟಿ ಹೋದರೆ ಸಿಗುವ ಬಂದಡ್ಕ, ಅರೆಭಾಷೆ ಮಾತಾಡುವ ಬಂದಡ್ಕ, ಕೇರಳದ ಊರಾಯಿತು. ಅಲ್ಲಿಗೆ ಕೊಟ್ಟ ಅಜ್ಜನ ತಂಗಿ ಮಲಗಿದ್ದ ಹಾಗೆಯೇ ರಾಜ್ಯ ಬದಲಾಯಿಸಿದಳು ಎಂದು ಅಪ್ಪ ನಗುತ್ತಿದ್ದರು. ಆಮೇಲೆ ಅತ್ತೆಯನ್ನೂ ಅಲ್ಲಿಗೇ ಕೊಟ್ಟರು. ನೆಂಟಸ್ತಿಕೆ ಯಾವ ಆಯೋಗದ ವರದಿಯನ್ನೂ ಓದುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ವಿನಾಯಿತಿ ಹೋಗಬಹುದಿತ್ತು. 1878ರ ಹಳೆಯ ಆಯುಧ ಕಾಯಿದೆಯನ್ನು ಗಾಂಧೀಜಿಯವರೂ ಕಟುವಾಗಿ ಟೀಕಿಸಿದ್ದರು. ಅದು ಹೋಗಿ 1959ರ ಹೊಸ ಕಾಯಿದೆ ಬಂತು, 1962ರಿಂದ ಜಾರಿಯಾಯಿತು. ಅದರ 41ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಸಾರ್ವಜನಿಕ ಹಿತಕ್ಕಾಗಿ ಯಾರಿಗಾದರೂ ವಿನಾಯಿತಿ ಕೊಡಬಹುದು. 1963ರ ಜುಲೈನ ಅಧಿಸೂಚನೆಯಲ್ಲಿ ಆ ಪಟ್ಟಿ ಇದೆ. ಅದರಲ್ಲಿ ಎರಡು ಗುಂಪು: ಕೊಡವ ಜನಾಂಗದ ಪ್ರತಿಯೊಬ್ಬರು, ಮತ್ತು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನಮ್ಮ ಮನೆಯ ವಿಷಯ ಇದರಲ್ಲೇ ಇದೆ. ಕೊಡವರಿಗೆ ವಿನಾಯಿತಿ ಹುಟ್ಟಿನಿಂದ ಬರುತ್ತದೆ. ನಮ್ಮಂಥ ಗೌಡರಿಗೆ ಬರುವುದು ಜಮ್ಮಾ ಜಮೀನಿನಿಂದ. ಅಜ್ಜನಿಗೆ ಇತ್ತು, ಅಪ್ಪನಿಗೆ ಇತ್ತು, ಏಕೆಂದರೆ ನಮ್ಮ ಗದ್ದೆ, ಬಾಣೆ ಜಮ್ಮಾ. ಗಡಿಯ ಆಚೆಯ ಸಂಪಾಜೆಯಲ್ಲಿ ಇರುವ ನಮ್ಮದೇ ಬಳಿಯ ಚಿಕ್ಕಪ್ಪನಿಗೆ ಇಲ್ಲ, ಅವರು ತಲೆತಲಾಂತರದಿಂದ ಲೈಸೆನ್ಸ್ ಮಾಡಿಸಿಕೊಂಡೇ ಬಂದಿದ್ದಾರೆ. 1834ರ ಗೆರೆ ಇವತ್ತಿಗೂ ಅವರ ಕೋವಿಯ ಮೇಲೆ ಹಾಗೆಯೇ ಇದೆ.

ಆ ಅಧಿಸೂಚನೆಯಲ್ಲೇ ಇನ್ನೊಂದು ಸಾಲು ಇದೆ. ವಿನಾಯಿತಿ ಇರುವವರು ಕೊಡಗಿನ ಹೊರಗೆ ಇರುವಾಗ ಅಥವಾ ಪ್ರಯಾಣ ಮಾಡುವಾಗ ಇಟ್ಟುಕೊಳ್ಳಬಹುದಾದದ್ದು ಒಂದು ರೈಫಲ್, 100 ಗುಂಡು. ಒಂದು ಸಾದಾ ನಳಿಗೆಯ ಕೋವಿ, 500 ತೋಟಾ, ಅಥವಾ ಅಷ್ಟೇ ಪ್ರಮಾಣದ ಮದ್ದು ಮತ್ತು ಚರೆ. ಅಂದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಕೊಡವ ಅಣ್ಣನಿಗೆ ಊರಿನ ಕೋವಿ ಹೋದರೆ ವಿನಾಯಿತಿ ಅವನ ಜೊತೆಗೇ ಇರುತ್ತದೆ, ಮಿತಿಯೊಳಗೆ. ನಮ್ಮ ಭಾವನಿಗೆ ಹಾಗಲ್ಲ. ಅವನ ತಾಯಿ ನಮ್ಮ ಮನೆಯಲ್ಲಿ ಹುಟ್ಟಿದವಳು ನಿಜ. ಆದರೆ ಅವನು ಕೊಡವನಲ್ಲ, ಅವನ ಹೆಸರಿನಲ್ಲಿ ಕೊಡಗಿನಲ್ಲಿ ಜಮ್ಮಾ ಇಲ್ಲ. ಕಾಯಿದೆಯ ಕಣ್ಣಿಗೆ ಅವನು ಕಾಸರಗೋಡು ಜಿಲ್ಲೆಯ ಒಬ್ಬ ರೈತ. ಆ ಕೋವಿ ಅವನ ಕೈಗೆ ಹೋದ ಕ್ಷಣ ಕಬ್ಬನ್ ಸಾಹೇಬರ ಹಾಳೆ ಅದರ ಮೇಲಿಂದ ಬಿದ್ದುಹೋಗುತ್ತದೆ. ಅದು ದೇಶದ ಯಾವುದೇ ಕೋವಿಯ ಹಾಗೆ ಲೈಸೆನ್ಸ್ ಬೇಕಾದ ಕೋವಿ. ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರೆ, ಆಲೆಟ್ಟಿ ದಾಟಿದ ಮೇಲೆ ಭಾವನೂ ಕೊಟ್ಟ ಅವ್ವನೂ ಅಕ್ರಮ ಆಯುಧದ ಕೇಸಿನಲ್ಲಿ ಇರುತ್ತಿದ್ದರು.

ಹಾಗಾದರೆ ಸರಿಯಾದ ದಾರಿ ಯಾವುದು? ನಾವು ಮಾಡಿದ್ದನ್ನು ಬರೆಯುತ್ತೇನೆ. ನಾನು ನರ್ಸ್, ವಕೀಲಳಲ್ಲ. ನಿಮ್ಮ ಮನೆಯಲ್ಲಿ ಇಂಥದ್ದು ಬಂದರೆ ಕಾಗದ ಹಿಡಿದುಕೊಂಡು ವಕೀಲರ ಹತ್ತಿರವೇ ಹೋಗಿ.

ಮೊದಲು ಕೋವಿಯನ್ನು ಮನೆಯಿಂದ ಹೊರಗೆ ಹಾಕಿದೆವು. ಕೋವಿ ಇಟ್ಟುಕೊಂಡವರು ತೀರಿಕೊಂಡು ಅದನ್ನು ಇಟ್ಟುಕೊಳ್ಳುವ ಅಧಿಕಾರ ಇಲ್ಲದವರ ಕೈಯಲ್ಲಿ ಉಳಿದರೆ, ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಹತ್ತಿರವೋ ಠೇವಣಿ ಇಡಬೇಕು ಎಂದು ಕಾಯಿದೆಯ 21ನೇ ಸೆಕ್ಷನ್ ಹೇಳುತ್ತದೆ. ಜಮ್ಮಾ ಪಹಣಿಯಲ್ಲಿ ಅವ್ವನ ಹೆಸರು ಇನ್ನೂ ಬಂದಿರಲಿಲ್ಲ, ಆದ್ದರಿಂದ ಠೇವಣಿಯೇ ಸರಿ ಎನಿಸಿತು. ರಸೀದಿ ಬಂತು. ಆ ರಸೀದಿಯ ಫೋಟೊ ಕಳಿಸುವಾಗ ಅವ್ವ ಅತ್ತಳು. ಅಪ್ಪನನ್ನು ಸುಟ್ಟ ದಿನ ಅತ್ತದ್ದಕ್ಕಿಂತ ಹೆಚ್ಚು. ಅರುವತ್ತು ಚಿಲ್ಲರೆ ವರ್ಷ ಗೋಡೆಯಲ್ಲಿ ಇದ್ದದ್ದು, ಗೋಡೆಯ ಮೇಲೆ ಅದರ ಬೆಳ್ಳಗಿನ ಗುರುತು ಉಳಿದಿದೆ.

ಎರಡನೆಯದು ವಾರಸುದಾರರು ಯಾರು ಎಂಬುದು. 2016ರ ಆಯುಧ ನಿಯಮಗಳಲ್ಲಿ ಮನೆತನದ ಕೋವಿ ವಾರಸುದಾರರಿಗೆ ಹೋಗಲು ಬೇರೆಯೇ ದಾರಿ ಇದೆ. ಕೋವಿಯ ಯಜಮಾನ ತೀರಿಕೊಂಡರೆ ಮಾತ್ರ ಅಲ್ಲ, ಬದುಕಿರುವಾಗಲೇ ಅವರಿಗೆ 70 ವರ್ಷ ಆದಾಗ, ಅಥವಾ ಆ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಮ್ಮ ಲೈಸೆನ್ಸ್ ಇರುವ ಚಿಕ್ಕಪ್ಪಂದಿರೇ, ಇದನ್ನು ದಯವಿಟ್ಟು ಓದಿ. ನೀವು ಇರುವಾಗಲೇ ಮಾಡಿಸಿಟ್ಟರೆ ಮಕ್ಕಳಿಗೆ ಓಡಾಟ ತಪ್ಪುತ್ತದೆ. ಆದರೆ ಅಪ್ಪನ ವಾರಸುದಾರರು ಅವ್ವ ಮತ್ತು ನಾನು. ಭಾವ ಆ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಇದು ವಾರಸಿನ ದಾರಿಯಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ದಾರಿ. ಅದಕ್ಕೆ ನನ್ನ ಒಪ್ಪಿಗೆ ಪತ್ರ ಬೇಕಾಯಿತು. ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ಸಹಿ ದೃಢೀಕರಿಸಿಕೊಂಡು ಊರಿಗೆ ಕಳಿಸಿದೆ. ಕೌಂಟರಿನಲ್ಲಿದ್ದವರು ಒಮ್ಮೆ ಪತ್ರ, ಒಮ್ಮೆ ನನ್ನ ಮುಖ ನೋಡಿದರು. ಯೂನಿಫಾರ್ಮಿನಲ್ಲೇ ಹೋಗಿದ್ದೆ.

ಮೂರನೆಯದು ಭಾವನ ಲೈಸೆನ್ಸ್. ಇದು ಎಲ್ಲಕ್ಕಿಂತ ಮುಖ್ಯ. ಅವನು ಇರುವ ಜಿಲ್ಲೆಯಲ್ಲಿ, ಅವನ ಹೆಸರಿನಲ್ಲಿ, ಮೊದಲು ಲೈಸೆನ್ಸ್ ಬರಬೇಕು. ಆಮೇಲೆ ಕೋವಿ ಹೊರಡಬೇಕು. ತಿರುಗಾಮುರುಗ ಆಗಬಾರದು. ವಯಸ್ಸು 21 ದಾಟಿರಬೇಕು, ಪೊಲೀಸ್ ತನಿಖೆ ಆಗಬೇಕು, ಕೋವಿ ಸುರಕ್ಷಿತವಾಗಿ ಇಡುವ ಜಾಗ ಇರಬೇಕು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಲ್ಲ, 2019ರ ತಿದ್ದುಪಡಿಗೆ ಮೊದಲು ಮೂರು ಇತ್ತು. ಲೈಸೆನ್ಸ್ ಕೇಂದ್ರದ ಡೇಟಾಬೇಸಿನ ಯುಐಎನ್ ನಂಬರ್ ಸಮೇತ ಬರಬೇಕು. ಭಾವನಿಗೆ ಕಾರಣ ಹೇಳುವುದು ಕಷ್ಟವಾಗಲಿಲ್ಲ, ಕಾಡುಹಂದಿ ಸಾಕಿತ್ತು. ಕೇರಳ ಸರ್ಕಾರ 2022ರಲ್ಲಿ ಬೆಳೆ ಹಾಳು ಮಾಡುವ ಹಂದಿಗಳನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಆದರೆ ಹೊಡೆಯುವವನ ಹತ್ತಿರ ಲೈಸೆನ್ಸ್ ಇರುವ ಕೋವಿ ಇರಬೇಕು. ಗಡಿಯ ಆ ಕಡೆ ಹಂದಿಗೆ ಬರವಿಲ್ಲ, ಲೈಸೆನ್ಸ್ ಇರುವ ಕೋವಿಗೆ ಬರ.

ನಾಲ್ಕನೆಯದು ಕಾಯುವುದು. ಕಾಯಿದೆಯ 5ನೇ ಸೆಕ್ಷನ್ ಪ್ರಕಾರ, ವ್ಯಾಪಾರಿಯಲ್ಲದ ಸಾಮಾನ್ಯ ಮನುಷ್ಯ ತನ್ನ ಸ್ವಂತ ಕೋವಿಯನ್ನು ಅರ್ಹನಾದ ಇನ್ನೊಬ್ಬನಿಗೆ ಕೊಡಬಹುದು. ಆದರೆ ಯಾರಿಗೆ ಕೊಡುತ್ತೇನೆ, ಅವನ ವಿಳಾಸ ಏನು ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣಾಧಿಕಾರಿಗೋ ಬರೆದು ತಿಳಿಸಿ, ಆಮೇಲೆ ಕಡಿಮೆಯೆಂದರೆ 45 ದಿನ ಕಾಯಬೇಕು. ಅವ್ವ ಸಹಿ ಹಾಕಿದ ಆ ಪತ್ರ ಕೊಟ್ಟು ಇವತ್ತಿಗೆ 31 ದಿನ.

ಇದರ ನಡುವೆ ಅವ್ವ ಒಂದು ದಿನ ಫೋನಿನಲ್ಲಿ ಕೇಳಿದಳು, ನಮ್ಮ ಜಮ್ಮಾ ನಮ್ಮದೇ ಇದೆ, ನಾಳೆ ನೀನು ಊರಿಗೆ ಬಂದರೆ ಈ ಕೋವಿ ನಿನ್ನ ಹೆಸರಿಗೆ ಆಗುವುದಿಲ್ಲವೇ ಎಂದು. ಆಗಬಹುದು. ಪಹಣಿಯಲ್ಲಿ ನನ್ನ ಹೆಸರು ಬಂದರೆ ನಾನೂ ಜಮ್ಮಾ ಹಿಡುವಳಿದಾರಳೇ. ಆ ಸಾಲಿನಲ್ಲಿ ಹೆಣ್ಣು ಗಂಡು ಎಂಬ ಭೇದ ಇಲ್ಲ. ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ. ಆದರೆ ಆ ವಿನಾಯಿತಿಯೂ ಈಗ ಮೊದಲಿನ ಹಾಗೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಒಬ್ಬ ನಿವೃತ್ತ ಸೇನಾಧಿಕಾರಿ ಇದು ಜಾತಿ ನೋಡಿ ಕೊಟ್ಟ ಸವಲತ್ತು ಎಂದು ಹೈಕೋರ್ಟಿಗೆ ಹೋಗಿದ್ದರು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಹೊಸ ಅಧಿಸೂಚನೆ ಹೊರಡಿಸಿ, ವಿನಾಯಿತಿಯನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ, ಅವಧಿಯೂ ಷರತ್ತೂ ಇದೆ ಎಂಬುದು ಕೋರ್ಟ್ ನೋಡಿದ ಮುಖ್ಯ ಅಂಶಗಳಲ್ಲಿ ಒಂದು.

ಆ ಅವಧಿ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ. ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ ತಾರೀಖು. ದೆಹಲಿಯಲ್ಲಿ ಟೈಪ್ ಮಾಡಿದವರಿಗೆ ಅದು ಗೊತ್ತಿರಲಾರದು. ಓದಿದ ನನಗೆ ಎದೆ ಒಂದು ಸಲ ಧಸಕ್ ಎಂದಿತು.

ನಾನು ಅವ್ವನಿಗೆ ಹೇಳಿದೆ, ಕೊಡೋಣ. ಉಪಯೋಗಿಸುವವನ ಕೈಯಲ್ಲಿ, ಪೂರ್ತಿ ಕಾಗದದ ಜೊತೆ ಇರಲಿ. ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದು ಬೇಡ. ವಿನಾಯಿತಿ ಹೋಗುತ್ತದೆ ಎಂಬ ಬೇಸರ ನನಗೂ ಇದೆ, ಸುಳ್ಳು ಹೇಳುವುದಿಲ್ಲ. ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಕಾಡಿನ ದಾರಿಯಲ್ಲಿ ತಂಗಿಯ ಮನೆಗೆ ಹೋಗಿ, ಗದ್ದೆ ಕಾದು, ವಾರ ಬಿಟ್ಟು ಬರುತ್ತಿದ್ದರಂತೆ. ಅದೇ ಕೋವಿ ಅದೇ ಊರಿಗೆ ಹೋಗಲು ಈಗ ಒಂದು ಫೈಲು ಬೇಕು.

ಒಂದು ಮಾತು ಬಿಟ್ಟುಹೋಯಿತು. ಮೊನ್ನೆ ಯಾರದೋ ಮದುವೆಯ ವಿಡಿಯೋದಲ್ಲಿ ಚಪ್ಪರದ ಪಕ್ಕದಲ್ಲೇ ಆಕಾಶಕ್ಕೆ ಈಡು ಹಾರಿಸಿದ್ದನ್ನು ನೋಡಿದೆ. ಹುಡುಗರೇ, ಯಾರೆಂದು ಗೊತ್ತಾಗಿದೆ. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಬೇಡ ಎಂದರೆ ಈ ಸೆಕ್ಷನ್ನೂ ಬೇಡ ಎಂದಲ್ಲ. ಮೇಲೆ ಹೋದ ಚರೆ ಕೆಳಗೆ ಬಂದೇ ಬರುತ್ತದೆ.

ಇನ್ನು ಕೈಲ್ ಮುಹೂರ್ತದ ಹೂವಿನ ವಿಷಯ. ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹಳದಿ ಎಸಳಿನ ಹೂ, ಕೊಡವ ಗೆಳತಿಯರು ತೋಕ್ ಪೂ ಅನ್ನುವುದು, ಇಲ್ಲಿಯೂ ಇದೆ! ಕರೂರಾ ಕಾಡಿನ ಕಡೆ ನಡೆದು ಹೋಗುವಾಗ ಒಂದು ಬೇಲಿಯ ಮೇಲೆ ಕಂಡೆ. ಇದು ಆಫ್ರಿಕಾದ್ದೂ ಹೌದು, ನಮ್ಮದೂ ಹೌದು. ಒಂದು ಕಿತ್ತುಕೊಂಡು ಬಂದು ಅಪ್ಪನ ಫೋಟೊಕ್ಕೆ ಇಟ್ಟೆ. ಅಸ್ಕಾರಿ ಏನೆಂದು ಕೇಳಿದ, ಈ ಸಲ ಪೂರ್ತಿ ಕಥೆ ಹೇಳಿದೆ. ಅವನು ಕಿಕುಯು, ನ್ಯೆರಿಯ ಕಡೆಯವನು. ಅವನ ಅಜ್ಜನ ಮನೆಯಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸೈನಿಕರು ಬಂದು ಕೋವಿಗಾಗಿ ನೆಲ ಅಗೆದಿದ್ದರಂತೆ. ಸಿಕ್ಕಿದ್ದು ಒಂದು ಗುದ್ದಲಿಯ ತಲೆ.

ಇನ್ನು 14 ದಿನ. ಆ ಹೊತ್ತಿಗೆ ಅಲ್ಲಿಯ ಲೈಸೆನ್ಸ್ ಪುಸ್ತಕದಲ್ಲಿ ನಮ್ಮ ಕೋವಿಯ ನಂಬರ್ ಸೇರಿದ್ದರೆ ಭಾವ ಸುಳ್ಯದ ಮೇಲೆ ಬಂದು, ರಸೀದಿ ತೋರಿಸಿ, ಠಾಣೆಯಿಂದ ಬಿಡಿಸಿಕೊಂಡು ಹೋಗುತ್ತಾನೆ. ಮೊದಲು ನಮ್ಮ ಮನೆಗೆ ತಂದು ಅವ್ವನಿಗೆ ಒಮ್ಮೆ ತೋರಿಸಿ ಹೋಗು ಎಂದು ಹೇಳಿದ್ದೇನೆ. ತೋಟಾ ಇಲ್ಲದೆ.

ಅವ್ವ ಕಡುಬು ಮಾಡುತ್ತಾಳಂತೆ. ಆ ದಿನ ಯಾರಾದರೂ ಹೋಗುವವರಿದ್ದರೆ ಒಂದು ವಿಡಿಯೋ ಮಾಡಿ ಕಳಿಸಿ. ನೆಟ್‌ವರ್ಕ್ ಇರುವ ಜಾಗದಲ್ಲಿ ನಿಂತು ಮಾಡಿ.